ಚಂದ್ರಿಕೆಗಳ ನಡುವೆ ನೀವು ಹೇಳಿದ ‘ಹೌದು’

ಅತ್ತಿಗೆಮ್ಮನಿಗೆ, ನಿಮ್ಮ ಮುಂಗೋಪಿ ಮೈದುನ ಬರೆಯುವುದು.

ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟವನ ಬರಹ, ತಪ್ಪಿದ್ದರೆ ಸರಿಮಾಡಿಕೊಂಡು ಓದಿ. ಅಲ್ಲಿ, ಸ್ವಾಮಿಯ ಸನ್ನಿಧಿಯಲ್ಲಿ, ನಿಮಗೆ ಬೇರೆ ಕೆಲಸವೇನಿದೆ? ಇಲ್ಲದಿದ್ದರೂ ಯಾರದೋ ಪಾಲಿನದನ್ನು ಎಳೆದುಕೊಂಡು ಮಾಡುತ್ತಿರುತ್ತೀರಿ.

ದಿಬ್ಬೂರಹಳ್ಳಿಯ ಆ ಕ್ರಿಸ್‌ಮಸ್ ಬೆಳಗ್ಗೆ ನೆನಪಿದೆಯೇ? ನಿಮ್ಮ ಕೃಪಾ ಇನ್ನೂ ಕೈಗೂಸು. ರೇಷ್ಮೆ ಹುಳುಗಳು ನಾವೆಣಿಸಿದ್ದಕ್ಕಿಂತ ಮುಂಚೆಯೇ ಹಣ್ಣಾಗಿಬಿಟ್ಟಿದ್ದವು. ಸೊಪ್ಪು ಬಿಟ್ಟು, ತಲೆ ಎತ್ತಿ ಆಡಿಸುತ್ತಿದ್ದವು. ಕೂಡಲೇ ಆಯ್ದು, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡದಿದ್ದರೆ ತಟ್ಟೆಯಲ್ಲೇ ನೂಲು ಸುತ್ತಿಕೊಂಡು ಗೂಡೆಲ್ಲ ಹಾಳು. ಆ ಬೆಳೆಯ ದುಡ್ಡನ್ನು ಅಣ್ಣ ನನ್ನ ಮದುವೆಗೆಂದು ಬಿಟ್ಟುಕೊಟ್ಟಿದ್ದ. ಅದೇ ದಿನ ಶಿಡ್ಲಘಟ್ಟದಲ್ಲಿ ಕೃಪಾಳ ದೀಕ್ಷಾಸ್ನಾನ. ಪಾದ್ರಿ ಅಯ್ಯನವರು ನಮ್ಮ ಕಡೆ ಬರುವುದೇ ಅಪರೂಪ. ತಪ್ಪಿದರೆ ಮತ್ತೆ ಈಸ್ಟರಿಗೇ.

ನಾನು ಉಳಿಯುತ್ತೇನೆ ಎಂದು ಕೂಗಾಡಿದೆ. ಹೆತ್ತವಳಿಲ್ಲದೆ ಎಂಥ ದೀಕ್ಷಾಸ್ನಾನ ಎಂದೆ. ನೀವು ಮಗುವನ್ನು ನನ್ನ ಕೈಗೆ ತುರುಕಿದಿರಿ. “ನಿನ್ನ ಕೈ ಒರಟು ಕಣಪ್ಪ. ಹುಳ ಆದ್ರೆ ಹಿಸುಕಿ ಸಾಯಿಸ್ತೀಯ. ಮಗು ಆದ್ರೆ ಅಳುತ್ತೆ, ಅಷ್ಟೇ.” ಅಣ್ಣ ನಕ್ಕ. ನನಗೆ ನಗು ಬರಲಿಲ್ಲ. ಬಸ್ಸಿಳಿಯುವವರೆಗೂ ಕೃಪಾ ಅತ್ತಳು, ನಿಮ್ಮ ಮಾತು ನಿಜ ಮಾಡಲೆಂದೇ...

ಹಿಂತಿರುಗಿದಾಗ ನೀವು ಚಂದ್ರಿಕೆಗಳ ನಡುವೆ ಕೂತಿದ್ದಿರಿ. ಹೊಸ ಸೀರೆ ಮಡಿಕೆ ಬಿಚ್ಚದೆ ಪೆಟ್ಟಿಗೆಯ ಮೇಲಿತ್ತು. ಅಯ್ಯನವರು ಏನು ಕೇಳಿದರು ಎಂದಿರಿ. ಮಗುವನ್ನು ದೇವರ ದಾರಿಯಲ್ಲಿ ಬೆಳೆಸ್ತೀರಾ ಅಂತ ಕೇಳಿದರು, ಅಣ್ಣ ಹೂಂ ಅಂದ, ಮುಗೀತು ಎಂದು ರೇಗಿದೆ.

“ಹಂಗಲ್ಲ. ಅಯ್ಯನೋರು ಕೇಳ್ದಂಗೇ ಕೇಳು.”

ಕೇಳಿದೆ. ನಿಮ್ಮ ಎರಡೂ ಅಂಗೈಯಲ್ಲಿ ಹಣ್ಣಾದ ಹುಳು. ನನ್ನ ತೋಳಲ್ಲಿ ಬಿಳಿ ಕುಲಾವಿಯ ಕೃಪಾ. “ಹೌದು ಸ್ವಾಮಿ” ಅಂದಿರಿ. ಹೇಳಿದ್ದು ನನಗಲ್ಲ, ಗೊತ್ತು.

ಕೋಪ ಬಂದಾಗಲೆಲ್ಲ ನನಗೆ ಹೇಳುತ್ತಿದ್ದಿರಿ, ಯೇಸುಸ್ವಾಮಿಯೇ ಶಿಷ್ಯರ ಕಾಲು ತೊಳೆದನಲ್ಲ, ನಮ್ಮದೇನು ಹೆಚ್ಚು ಎಂದು. ಸರಿ. ಆದರೆ ನನ್ನ ಕಾಲು ಮುಟ್ಟಬೇಡ ಎಂದ ಶಿಷ್ಯನನ್ನೂ ಅವನು ಗದರಿದನಲ್ಲವೇ? ನೀವು ತೊಳೆಸಿಕೊಳ್ಳಲೆಂದು ಯಾರ ಮುಂದಾದರೂ ಕಾಲು ಚಾಚಿದಿರಾ? ಕೊನೆಯ ಕಾಯಿಲೆಯಲ್ಲೂ, ನನ್ನವಳು ಗಂಜಿ ತಂದರೆ ಅವಳು ಉಂಡಳೋ ಇಲ್ಲವೋ ಎಂದು ಮೊದಲು ವಿಚಾರಣೆ. ಬೇರೆಯವರನ್ನು ಮುಂದೆ ಬಿಡುವುದು ನಿಮ್ಮೊಬ್ಬರದೇ ಗುತ್ತಿಗೆಯೇ ಅತ್ತಿಗೆಮ್ಮ?

ಈಗ ಸುದ್ದಿ ಕೇಳಿ. ಹೋದ ಭಾನುವಾರ ಚಿಂತಾಮಣಿಯಲ್ಲಿ ಕೃಪಾಳ ಮಗನ ದೀಕ್ಷಾಸ್ನಾನ. ನಾನು ಕಾಲು ಮುರಿದುಕೊಂಡು ಅವಳ ಮನೆಯಲ್ಲೇ ಬಿದ್ದಿದ್ದೇನೆ; ಬಚ್ಚಲಿಗೂ ಒಬ್ಬರು ಹಿಡಿಯಬೇಕು. ಬೆಳಗ್ಗೆ ಅವಳು ಗಂಡನ ಕೈಗೆ ಮಗುವನ್ನು ಕೊಟ್ಟು, “ನೀವು ಹೋಗ್ಬನ್ನಿ, ಚಿಕ್ಕಪ್ಪನ ಹತ್ರ ನಾನಿರ್ತೀನಿ” ಅಂದಳು. ನಿಮ್ಮದೇ ದನಿ. ನನಗೆ ಉರಿದುಹೋಯಿತು. ಹಾಗಾದರೆ ನನ್ನನ್ನೂ ಹೊತ್ತುಕೊಂಡು ನಡೀರಿ ಎಂದೆ.

ಯಾರ ಕೈಯನ್ನೂ ಹಿಡಿಯದ ನಾನು! ಪಕ್ಕದ ಮನೆಯ ಗೂಡು ವ್ಯಾಪಾರದ ಸಾಬರು, ಕೃಪಾಳ ಗಂಡ, ಇಬ್ಬರೂ ಕುರ್ಚಿ ಸಮೇತ ಎತ್ತಿ ಆಟೋಗೆ ಹಾಕಿದರು. ಇಷ್ಟು ಭಾರ ಎಲ್ಲಾ ಕೋಪದ್ದೇ ಎಂದು ಸಾಬರು ಗೊಣಗಿದರು. ಬಾಯಿ ಮುಚ್ಚಿಕೊಂಡು ಹೊರಿಸಿಕೊಂಡೆ.

ಚರ್ಚಿನಲ್ಲಿ ಅಯ್ಯನವರು ಆವತ್ತಿನ ಪ್ರಶ್ನೆಯನ್ನೇ ಕೇಳಿದರು. ಕೃಪಾ ಮಗುವನ್ನು ಎತ್ತಿಕೊಂಡು, ಗಂಡನಿಗಿಂತ ಮೊದಲೇ, ಚರ್ಚಿಗೆಲ್ಲ ಕೇಳುವಂತೆ ‘ಹೌದು’ ಅಂದಳು. ನಾನು ಹಿಂದೆ ಕುರ್ಚಿಯಲ್ಲಿ ಕಾಲು ಚಾಚಿಕೊಂಡೇ ಕೂತಿದ್ದೆ, ಅತ್ತಿಗೆಮ್ಮ.