ರೊಟ್ಟಿ ಬಡಿಯುವ ಸದ್ದಿಗೆ ಬೆಚ್ಚುವ ಮಗುವಿನ ಹೆಸರು ಹೊಡೆದವರಿಗೆ

ತಪಾಸಣೆಗೆ ಬಂದುಹೋದ ಮಾನ್ಯ ಅಧಿಕಾರಿಗಳೇ,

ನಮ್ಮ ಅಂಗನವಾಡಿಯ ಹಾಜರಿ ಪುಸ್ತಕದಲ್ಲಿ ನಾಲ್ಕು ವರ್ಷದ ಭಾಗೀರಥಿಯ ಹೆಸರನ್ನು ಕೆಂಪು ಶಾಯಿಯಿಂದ ಹೊಡೆದುಹಾಕಿ, ಪಕ್ಕದಲ್ಲಿ 'ಮಂದಬುದ್ಧಿ, ಕೇಂದ್ರಕ್ಕೆ ಯೋಗ್ಯವಲ್ಲ' ಎಂದು ತಾವು ಬರೆದುಹೋಗಿ ಇಂದಿಗೆ ಒಂಬತ್ತು ದಿನ. ಇನ್ನು ಆಕೆಯನ್ನು ಕೂಡಿಸಿಕೊಂಡರೆ ನನ್ನ ಕೆಲಸವೂ ಹೋಗುತ್ತದೆ ಎಂದಿದ್ದೀರಿ. ಒಂದು ಕಪ್ ಚಹಾ ಕುಡಿಯುವಷ್ಟು ಹೊತ್ತಿನಲ್ಲಿ ಮಗುವಿನ ಬುದ್ಧಿಯನ್ನು ಅಳೆದುಬಿಟ್ಟ ತಮ್ಮ ಜಾಣ್ಮೆಗೆ ಏನೆನ್ನಲಿ?

ತಾವು ಕಂಡದ್ದು ಇಷ್ಟು: ಹೆಸರು ಕೇಳಿದರೆ ಹುಡುಗಿ ಹೇಳಲಿಲ್ಲ, ಇದ್ದಕ್ಕಿದ್ದಂತೆ ಚಾಪೆಯಡಿ ತೂರಿದಳು, ಅಲ್ಲೇ ಒದ್ದೆ ಮಾಡಿಕೊಂಡಳು. ತಾವು ಕೇಳಿಸಿಕೊಳ್ಳದ್ದು ಗೋಡೆಯಾಚೆಯ ಸದ್ದು. ನಮ್ಮ ಅಂಗನವಾಡಿ ನಡೆಯುವುದು ಸೋಮವ್ವನ ಮನೆಯ ಪಡಸಾಲೆಯಲ್ಲಿ. ಹನ್ನೊಂದಕ್ಕೆ ಆಕೆ ಒಳಗೆ ರೊಟ್ಟಿ ಬಡಿಯಲು ಕೂಡುತ್ತಾಳೆ. ಉಳಿದ ಮಕ್ಕಳಿಗೆ ಆ ಸದ್ದಿಗೆ ಹಸಿವಾಗುತ್ತದೆ. ಭಾಗೀರಥಿಗೆ? ಐದು ತಿಂಗಳ ಹಿಂದೆ, ರಾಮದುರ್ಗದ ಕಡೆಯ ತನ್ನೂರಿನಲ್ಲಿ, ಅಪ್ಪ ಅವ್ವನನ್ನು ಬಡಿಯುವಾಗ ಆಕೆ ಜೋಳದ ಚೀಲದ ಮರೆಯಲ್ಲಿದ್ದಳು. ತಾಯಿ ಬಾಯವ್ವ ಮುರಿದ ಕೈಯೊಂದಿಗೆ ಸಿರಸಂಗಿ ಹತ್ತಿರದ ಈ ತವರಿಗೆ ಬಂದಳು. ಮಗು ಮಾತು ಬಿಟ್ಟು ಬಂತು.

ಇದನ್ನು ಹೇಳಲು ನಾನು ಬಾಯಿ ತೆರೆದೆ. "ಗಂಡ-ಹೆಂಡತಿ ಜಗಳ ಯಾರ ಮನ್ಯಾಗಿಲ್ಲ ಅಕ್ಕೋರ? ಸಣ್ಣ ಕೂಸಿಗೆ ಏನ್ ತಿಳೀತೈತಿ?" ಎಂದು ಜೀಪು ಹತ್ತಿದಿರಿ. ಏನೂ ತಿಳಿಯದ ಕೂಸು ಚಾಪೆಯಡಿ ಯಾಕೆ ತೂರುತ್ತದೆ ಸ್ವಾಮಿ?

ನಿಮ್ಮ ಮೇಲಿನ ಸಿಟ್ಟನ್ನು ನಾನು ಸೋಮವ್ವನ ಮೇಲೆ ತೀರಿಸಿಕೊಂಡೆ, ರೊಟ್ಟಿಯನ್ನು ಬೇರೆ ಹೊತ್ತಿಗೆ ಮಾಡಿಕೋ ಎಂದು ಕೂಗಾಡಿದೆ. ನನಗೆ ನಾಚಿಕೆಯಾಗುತ್ತದೆ. ಅಕ್ಷರ ಬಾರದ ಆಕೆ ಮಗುವನ್ನು ಕರೆದು ಒಲೆಯ ಮುಂದೆ ಕೂಡಿಸಿಕೊಂಡಳು. "ನೋಡವಾ, ಇದು ಹಿಟ್ಟು. ಬಡದ್ರ ರೊಟ್ಟಿ ಆಗತೈತಿ, ಅಷ್ಟ. ನಿನ್ನ ಕೈ ತಾ ಇಲ್ಲಿ" ಎಂದು ದಿನಾ ಒಂದು ಪುಟ್ಟ ಉಂಡೆ ಕೊಟ್ಟಳು. ಒಂದು ವಾರ ಮಗು ಮುಟ್ಟಲಿಲ್ಲ. ನಿನ್ನೆ ಹಿಟ್ಟಿನ ಮೇಲೆ ಅಂಗೈ ಇಟ್ಟಿತು. ಬಡಿಯಲಿಲ್ಲ, ಮೆಲ್ಲಗೆ ಸವರಿತು. ಆಮೇಲೆ ಬಗ್ಗಿ ಹಿಟ್ಟನ್ನೇ ಕೇಳಿತು: "ನೋವಾತೇನ?"

ಐದು ತಿಂಗಳಲ್ಲಿ ಆ ಮಗುವಿನ ಮೊದಲ ಮಾತು ಅದು. ನೀವು ಕೇಳದ ಪ್ರಶ್ನೆಯೂ ಅದೇ.

ಬಂದು ನಿಮ್ಮ ಕೈಯಾರೆ ಆಕೆಯ ಹೆಸರನ್ನು ಮತ್ತೆ ಬರೆಯಿರಿ. ಹನ್ನೊಂದಕ್ಕೇ ಬನ್ನಿ, ಚಹಾ ಆರಿದ ಮೇಲೂ ಕುಳಿತಿರಿ. ಅಪ್ಪ ಹೊಡೆದದ್ದು ಅವ್ವನನ್ನು. ಈ ಮಗುವನ್ನೇ ಹೊಡೆದುಹಾಕಿದವರು ನೀವೊಬ್ಬರೇ.

ಇಂತಿ,
ಈ ಪತ್ರ ಪತ್ರಿಕೆಯಲ್ಲಿ ಅಚ್ಚಾಗುವವರೆಗಾದರೂ ಅಂಗನವಾಡಿ ಕಾರ್ಯಕರ್ತೆಯಾಗಿರುವ
ಅನ್ನಪೂರ್ಣಾ
ಸವದತ್ತಿ ತಾಲೂಕು, 1999