ಬಕೆಟ್ ಹಿಡಿದ ಕೈ

ಅಪ್ಪಾ,

ನಿನಗೆ ಓದಲು ಬಾರದು ಎಂಬ ಧೈರ್ಯದಲ್ಲೇ ಬರೆಯುತ್ತಿದ್ದೇನೆ. ಇವತ್ತು ನಮ್ಮ ಕಚೇರಿಯಲ್ಲಿ ವಿಚಾರಣೆ ನಡೆಯಿತು.

ನನ್ನ ಕೆಲಸವೇನೆಂದು ನಿನಗೆ ಹೇಳಿರಲೇ ಇಲ್ಲ. ದೂರದ ಊರುಗಳ ಮೇಲೆ ಹಾರುವ ಡ್ರೋನ್ ಕಳಿಸುವ ಚಿತ್ರ ನೋಡಿ, ಅಲ್ಲಿ ನಡೆಯುವವರ ಬಳಿ ಇರುವುದು ಆಯುಧವೋ ಅಲ್ಲವೋ ಎಂದು ಹೇಳಬೇಕು. ನಮೂನೆಯಲ್ಲಿ ಎರಡೇ ಚೌಕಗಳು. ಗೊತ್ತಿಲ್ಲ ಎನ್ನುವುದಕ್ಕೆ ಜಾಗವಿಲ್ಲ. ಹೋದ ತಿಂಗಳು ಒಬ್ಬನ ಹೆಗಲ ಮೇಲೆ ಉದ್ದನೆಯ ಕೊಳವೆಯಂಥದು ಕಂಡಿತು. ನಾನು ‘ಆಯುಧ’ ಎಂದೆ. ನಮ್ಮ ಮೇಲಿನ ಸಾಹೇಬರು ಒಪ್ಪಿದರು, ಡ್ರೋನಿನಿಂದ ಕ್ಷಿಪಣಿ ಹಾರಿತು. ಅವನೂ ನಿನ್ನ ಹಾಗೆ ಗೋಡೆಗೆ ಬಣ್ಣ ಬಳಿಯುವವನು, ಹೆಗಲ ಮೇಲಿದ್ದದ್ದು ರೋಲರಿನ ಕೋಲು ಎಂದು ಅವನು ಸತ್ತ ಮೇಲೆ ತಿಳಿಯಿತು.

"ಯಾರ ತೀರ್ಮಾನ ಇದು?" ವಿಚಾರಣಾಧಿಕಾರಿ ಕೇಳಿದರು.

"ಮೇಡಂ ಆಯುಧ ಅಂದ್ರು, ಸಾಹೇಬ್ರು ಹೂಂ ಅಂದ್ರು. ನಾನು ಗುಂಡಿ ಒತ್ತಿದೆ ಅಷ್ಟೇ ಸರ್," ಎಂದ ಡ್ರೋನ್ ನಡೆಸುವವನು.

"ಮೇಡಂ ಅಷ್ಟು ಖಂಡಿತವಾಗಿ ಹೇಳಿದ ಮೇಲೆ ನಾನ್ಯಾಕೆ ಬೇಡ ಅನ್ಲಿ?" ಎಂದರು ಸಾಹೇಬರು.

ಅಧಿಕಾರಿ ನನ್ನತ್ತ ತಿರುಗಿದರು. "ನಿಮಗೆ ಒಂಚೂರೂ ಅನುಮಾನ ಬರ್ಲಿಲ್ವಾ?"

ಅವನ ಇನ್ನೊಂದು ಕೈಯಲ್ಲಿ ಬಕೆಟ್ ಇತ್ತು ಅಪ್ಪಾ. ಬಣ್ಣ ಬಟ್ಟೆಗೆ ತಾಗದಂತೆ ಕೈಯನ್ನು ಮೈಯಿಂದ ದೂರ ಹಿಡಿದು, ಒಂದು ಪಕ್ಕಕ್ಕೆ ವಾಲಿಕೊಂಡು ನಡೆಯುತ್ತಿದ್ದ. ನಿನ್ನ ಅದೇ ನಡಿಗೆಯ ಹಿಂದೆ ನಾನು ಎಷ್ಟು ವರ್ಷ ಶಾಲೆಗೆ ಹೋಗಿದ್ದೇನೆ.

"ಇಲ್ಲ ಸರ್," ಎಂದೆ.

ಅವರು ಕಡತ ಮುಚ್ಚಿದರು. "ಬಚಾವಾದ್ವಿ ಮೇಡಂ, ಬನ್ನಿ, ಟೀ ಕುಡಿಯೋಣ," ಎಂದು ಸಾಹೇಬರು ಕರೆದರು. ಹೋಗಿ ಕುಡಿದೆ.

ಮನೆಗೆ ಬಂದು ಗಿಡಗಳಿಗೆ ನೀರು ಒಯ್ಯುವಾಗ ನೋಡಿಕೊಂಡೆ, ಬಕೆಟ್ ಹಿಡಿದ ನನ್ನ ಕೈಯೂ ಮೈಯಿಂದ ದೂರವೇ ಇತ್ತು. ಅರ್ಧ ದಾರಿಯಲ್ಲೇ ಕೆಳಗಿಟ್ಟೆ. ಗಿಡಗಳಿಗೆ ಇನ್ನೂ ನೀರು ಹಾಕಿಲ್ಲ.