ಮಗು ಬರಬಹುದಾದ ದೇಶ

ಫೆಬ್ರವರಿ 3, 2003, ಸೋಮವಾರ

ಇವತ್ತೂ ಓಟಿಯಲ್ಲಿ ಊಟಕ್ಕೆ ಬಿಡುವಾಗಲಿಲ್ಲ. ಒಂದು ಹರ್ನಿಯಾ, ಎರಡು ಸಿಸೇರಿಯನ್, ಕೊನೆಗೆ ಒಂದು ಅಪೆಂಡಿಕ್ಸ್ — ಒಳಗೇ ಒಡೆದುಹೋಗಿತ್ತು. ಡ್ಯೂಟಿ ಮುಗಿಸಿ ನಮ್ಮ ಓಟಿಯ ಕುಲ್ಸುಂ ಜೊತೆ ಶಿವಾಜಿನಗರಕ್ಕೆ ಹೋದೆ. ರಸೆಲ್ ಮಾರ್ಕೆಟ್ ಹಿಂದೆ, ಮಟನ್ ಅಂಗಡಿಗಳನ್ನು ದಾಟಿದರೆ ಮಹಡಿ ಮೇಲೆ ಆ ಏಜೆನ್ಸಿ. ನರ್ಸ್‌ಗಳನ್ನು ಹೊರದೇಶಕ್ಕೆ ಕಳಿಸುವವರು. ಕುಲ್ಸುಂ ಸೌದಿ ಅಂತ ಆಗಲೇ ತೀರ್ಮಾನ ಮಾಡಿದ್ದಾಳೆ. ಜೆಡ್ಡಾದಲ್ಲಿ ಅಣ್ಣ ಅತ್ತಿಗೆ ಇದ್ದಾರೆ. ಅವಳ ಖುಷಿ ನೋಡಬೇಕು.

ಏಜೆನ್ಸಿಯ ಸಂಜೀವಪ್ಪ ನನ್ನ ಫೈಲು ತಿರುವಿ ಹಾಕಿದರು. ಹತ್ತು ವರ್ಷ ಓಟಿ ಅನುಭವ, ಸೌದಿಯವರು ಕಣ್ಣು ಮುಚ್ಚಿಕೊಂಡು ತಗೋತಾರೆ ಅಂದರು. ಅರ್ಜಿ, ವೀಸಾ ಸ್ಟಾಂಪಿಂಗ್ ಎಲ್ಲ ಮುಂಬೈಯಲ್ಲಿ, ನಾನು ಬೆರಳೂ ಅಲ್ಲಾಡಿಸಬೇಕಿಲ್ಲವಂತೆ. ಮಗಳನ್ನು ಕರೆದುಕೊಂಡು ಹೋಗಬಹುದಾ ಅಂತ ಕೇಳಿದೆ. ಸಿಂಗಲ್ ಸ್ಟೇಟಸ್ ಅಂದರು. ಅಂದರೆ ಒಬ್ಬಳೇ. ಎಲ್ಲರೂ ಅತ್ತೆ ಹತ್ತಿರವೋ ಅಮ್ಮನ ಹತ್ತಿರವೋ ಬಿಟ್ಟು ಹೋಗುತ್ತಾರೆ, ನೀವೊಬ್ಬರೇ ಹೀಗೆ ಕೇಳುತ್ತಿರುವುದು ಅಂದರು.

ಒಬ್ಬಳೇ ಅಂದರೆ ಪಮ್ಮಿಯನ್ನು ಬಿಟ್ಟು. ಯೋಚನೆ ಮಾಡಿ ಹೇಳುತ್ತೇನೆ ಅಂದು ಫೈಲು ಅಲ್ಲೇ ಬಿಟ್ಟು ಬಂದೆ. ಅಲ್ಲೇ ಆಗಲ್ಲ ಅನ್ನಬೇಕಿತ್ತು.

ಫೆಬ್ರವರಿ 9, ಭಾನುವಾರ

ಅತ್ತೆ ಬಂದಿದ್ದರು. ಪ್ರತಿ ಭಾನುವಾರದ ಹಾಗೆ ಸೊಪ್ಪಿನ ಚೀಲ. ಮಹದೇವಪುರದಲ್ಲಿ ಹೊಲವೆಲ್ಲ ಹೋಗಿ ಆಫೀಸ್ ಬಿಲ್ಡಿಂಗ್ ಎದ್ದಿವೆ, ಇವರು ಮಾತ್ರ ಹಿತ್ತಲಿನ ತುಂಡು ಜಾಗದಲ್ಲಿ ದಂಟು, ಕೊತ್ತಂಬರಿ ಹಾಕುವುದು ಬಿಟ್ಟಿಲ್ಲ. ಬಸ್ಸಿನಲ್ಲಿ ನಿಂತುಕೊಂಡೇ ಹಲಸೂರಿಗೆ ಬರುತ್ತಾರೆ.

ಜನಕ್ಕೆ ಇದು ಅರ್ಥವಾಗುವುದಿಲ್ಲ. ಸುನಿಲ್ ನನ್ನನ್ನೂ ಪಮ್ಮಿಯನ್ನೂ ಬಿಟ್ಟು ಕೆ.ಆರ್. ಪುರದಲ್ಲಿ ಇನ್ನೊಂದು ಸಂಸಾರ ಮಾಡಿಕೊಂಡು ನಾಲ್ಕು ವರ್ಷ. ಅವನ ತಾಯಿಗೂ ನನಗೂ ಈಗೇನು ಸಂಬಂಧ ಅಂತ ಮನೆ ಓನರ್ ಆಂಟಿ ಕೇಳುತ್ತಾರೆ. ಸೊಪ್ಪಿನ ಸಂಬಂಧ ಅಂದೆ ಒಂದು ಸಲ. ಆಮೇಲೆ ಕೇಳಿಲ್ಲ.

ಹೊರದೇಶದ ವಿಷಯ ಅತ್ತೆಗೆ ಹೇಳಿದೆ. ಯಾಕೆ ಹೋಗಬೇಕು ಅಂದರು. ಹತ್ತು ವರ್ಷ ಆದರೂ ನಾನಿನ್ನೂ ಸ್ಟಾಫ್ ನರ್ಸ್, ಡಾಕ್ಟರಿಗೆ ಕಾಫಿ ತಾ ಅಂತ ನನಗೇ ಹೇಳುತ್ತಾರೆ ಅಂದೆ. ಈ ಕಡೆ ಎಲ್ಲಿ ಹೋದರೂ ನಾನು ಸುನಿಲ್ ಬಿಟ್ಟ ಹೆಂಡತಿ... ಅದನ್ನು ಮಾತ್ರ ಹೇಳಲಿಲ್ಲ. ಅವರಿಗೆ ಗೊತ್ತು. ಸೊಪ್ಪು ಬಿಡಿಸುತ್ತಾ ಕೂತರು. ಪಮ್ಮಿಗೆ ತಲೆ ಬಾಚಿ ಹೋದರು.

ಫೆಬ್ರವರಿ 20, ಗುರುವಾರ

ಸೌದಿಯಲ್ಲಿ ಸೆಲೆಕ್ಷನ್ ಆಗಿದೆಯಂತೆ. ಹೂಂ ಅನ್ನದೆಯೇ! ಸಂಜೀವಪ್ಪ ನನ್ನ ಫೈಲನ್ನು ಬ್ಯಾಚಿನಲ್ಲಿ ಸೇರಿಸಿ ಕಳಿಸಿಬಿಟ್ಟಿದ್ದಾರೆ. ಓಟಿಯಲ್ಲಿ ಸ್ವೀಟ್ ಕೇಳುತ್ತಿದ್ದಾರೆ. ಅಮ್ಮ ಹೊಸಕೋಟೆಯಿಂದ ಫೋನ್ ಮಾಡಿ ಅತ್ತರು, ದೇವರು ಕಣ್ಣು ಬಿಟ್ಟ ಅಂತ. ಸುದ್ದಿ ಎಷ್ಟು ಬೇಗ ಓಡುತ್ತದೆ.

ಯಾವ ದೇಶಕ್ಕೆ ಅರ್ಜಿ ಹಾಕಬೇಕು ಅಂತ ನಾನು ತಾನೇ ಹೇಳಬೇಕಾದ್ದು? ಹೋಗುವವಳು ನಾನು. ಬಿಟ್ಟು ಹೋಗಬೇಕಾದದ್ದು ನನ್ನ ಮಗಳನ್ನು. ಇಷ್ಟು ಜನಕ್ಕೆ ಖುಷಿ, ಒಬ್ಬರೂ ಪಮ್ಮಿಯನ್ನು ಕೇಳಿಲ್ಲ. ನಾನು ಕೇಳಿದೆ. ನೀನು ಹೋದರೆ ನಾನು ಯಾವ ಸ್ಕೂಲು ಅಂದಳು. ಒಂಬತ್ತು ವರ್ಷಕ್ಕೆ ಸರಿಯಾದ ಪ್ರಶ್ನೆ.

ಫೆಬ್ರವರಿ 22, ಶನಿವಾರ

ರಜೆ ಹಾಕಿ ಏಜೆನ್ಸಿಗೆ ಹೋದೆ. ನನ್ನ ಸರ್ಟಿಫಿಕೇಟುಗಳೆಲ್ಲ ಅವರ ಬೀರುವಿನಲ್ಲಿವೆ. ಜಿಎನ್‌ಎಂ ನರ್ಸಿಂಗ್ ಡಿಪ್ಲೊಮಾ, ಕೌನ್ಸಿಲ್ ರಿಜಿಸ್ಟ್ರೇಷನ್, ಎಲ್ಲ ಒರಿಜಿನಲ್. ವಾಪಸ್ ಕೇಳಿದೆ.

"ಈಗ ಕೊಡಕ್ಕಾಗಲ್ಲಮ್ಮ. ನೀವು ಬ್ಯಾಕ್ ಔಟ್ ಆದ್ರೆ ನಮ್ಮ ಹೆಸರು ಹಾಳಾಗುತ್ತೆ."

"ನಾನು ಹೂಂ ಅಂದಿದ್ನಾ ಸಾರ್?"

"ಎಲ್ರೂ ಹೂಂ ಅಂತಾರೆ."

"ನಾನು ಅನ್ಲಿಲ್ಲ. ಕೊಡೋವರ್ಗೂ ಇಲ್ಲೇ ಕೂತಿರ್ತೀನಿ."

ಬಾಗಿಲ ಪಕ್ಕದ ಬೆಂಚಿನಲ್ಲಿ ಕೂತೆ. ಶನಿವಾರ, ಹೊಸ ಹುಡುಗಿಯರು ಫೈಲು ಹಿಡಿದು ಬರುತ್ತಲೇ ಇದ್ದರು. ಬಂದ ಬಂದವರಿಗೆಲ್ಲ ಹೇಳಿದೆ — ಒರಿಜಿನಲ್ ಕೊಡಬೇಡಿ, ಜೆರಾಕ್ಸ್ ಕೊಡಿ, ನನ್ನವು ಒಳಗೆ ಸಿಕ್ಕಿಹಾಕಿಕೊಂಡಿವೆ. ಕುಲ್ಸುಂ ನೈಟ್ ಡ್ಯೂಟಿ ಮುಗಿಸಿ ಬಂದವಳು ಅದನ್ನೇ ದಖನಿಯಲ್ಲಿ, ತಮಿಳಿನಲ್ಲಿ ಹೇಳತೊಡಗಿದಳು. ಅವಳ ಸ್ವಂತ ಫೈಲು ಅಲ್ಲೇ ಇದೆ, ವೀಸಾ ಇನ್ನೂ ಆಗಿಲ್ಲ. ಹೆದರಲಿಲ್ಲ. ಒಬ್ಬಳು ಮೆಟ್ಟಿಲಲ್ಲೇ ತಿರುಗಿ ಜೆರಾಕ್ಸ್ ಅಂಗಡಿಗೆ ಹೋದಳು. ಇನ್ನೊಬ್ಬಳು ಹೋದವಳು ಬರಲೇ ಇಲ್ಲ.

ಮಧ್ಯಾಹ್ನದ ಹೊತ್ತಿಗೆ ಸಂಜೀವಪ್ಪ ಕವರ್ ತಂದು ನನ್ನ ಮಡಿಲಿಗೆ ಹಾಕಿದರು. ಇನ್ನು ಯಾವ ಏಜೆನ್ಸಿಯೂ ನಿಮ್ಮನ್ನು ಮುಟ್ಟುವುದಿಲ್ಲ ಅಂದರು. ಒಂದೊಂದೇ ತೆಗೆದು ಸರಿಯಾಗಿದೆಯಾ ಅಂತ ನೋಡಿದೆ. ಬೇಕಂತಲೇ ನಿಧಾನವಾಗಿ.

ಮುಟ್ಟಬೇಡಿ. ನಾನೇ ಅರ್ಜಿ ಹಾಕುತ್ತೇನೆ.

ಮಾರ್ಚ್ 12, ಬುಧವಾರ

ಇಂದಿರಾನಗರದ ಸೈಬರ್ ಕೆಫೆ. ಪ್ರಿಯಂವದಾ ಅಕ್ಕನ ಮೇಲ್ ಬಂದಿತ್ತು. ನರ್ಸಿಂಗ್ ಹಾಸ್ಟೆಲ್ಲಿನಲ್ಲಿ ನನ್ನ ಸೀನಿಯರ್, ಈಗ ಐರ್ಲೆಂಡಿನಲ್ಲಿದ್ದಾರೆ. ಮೂರು ಪುಟ ಬರೆದಿದ್ದಾರೆ. ಅಲ್ಲಿ ನರ್ಸ್‌ಗಳಿಗೆ ವರ್ಕಿಂಗ್ ವೀಸಾ ಅಂತ ಬೇರೆಯೇ ಕೊಡುತ್ತಾರಂತೆ. ಆಸ್ಪತ್ರೆ ಹಿಡಿಸದಿದ್ದರೆ ಬೇರೆ ಆಸ್ಪತ್ರೆಗೆ ಹೋಗಬಹುದು, ಒಬ್ಬರ ಕೈಯಲ್ಲೇ ಸಿಕ್ಕಿಹಾಕಿಕೊಳ್ಳಬೇಕಿಲ್ಲ. ಮೂರು ತಿಂಗಳು ಕೆಲಸ ಮಾಡಿದ ಮೇಲೆ ಮಗುವನ್ನು ಕರೆಸಿಕೊಳ್ಳಬಹುದು.

ಈ ಸಾಲನ್ನು ಎರಡು ಸಲ ಓದಿದೆ.

ನಿಧಾನ ಅಂತಲೂ ಬರೆದಿದ್ದಾರೆ. ಮೊದಲು ಅಲ್ಲಿನ ನರ್ಸಿಂಗ್ ಬೋರ್ಡ್ ಒಪ್ಪಬೇಕು, ಆಮೇಲೆ ಕೆಲಸ, ಆಮೇಲೆ ದೆಹಲಿಯ ಎಂಬೆಸಿಗೆ ಅರ್ಜಿ. ಇಂಗ್ಲೆಂಡಿನ ವೀಸಾ ಚೆನ್ನೈನಲ್ಲೇ ಆಗುತ್ತೆ, ಹತ್ತಿರ, ಅಲ್ಲಿಗೆ ಹಾಕು ಅಂತ ವಾರ್ಡಿನಲ್ಲಿ ಹೇಳುತ್ತಾರೆ. ಅಲ್ಲಿ ಕೈ ಹಿಡಿದು ದಾರಿ ತೋರಿಸುವವರು ಯಾರೂ ಇಲ್ಲ, ಮತ್ತೆ ಏಜೆಂಟರ ಬಾಗಿಲೇ. ಎಂಬೆಸಿ ಹತ್ತಿರ ಇದ್ದರೆ ನನಗೇನು? ಮಗಳು ಹತ್ತಿರ ಇರಬೇಕು.

ಐರ್ಲೆಂಡ್. ಮುಗಿಯಿತು.

ಜುಲೈ 14, ಸೋಮವಾರ

ನಾಲ್ಕು ತಿಂಗಳು ಒಂದಕ್ಷರ ಬರೆದಿಲ್ಲ. ಕಾಯುವುದು ಬಿಟ್ಟು ಬರೆಯುವುದಕ್ಕೆ ಬೇರೇನೂ ಇರಲಿಲ್ಲ. ಏಪ್ರಿಲ್‌ನಲ್ಲಿ ಸಾರ್ಸ್ ಗಲಾಟೆ, ಇಡೀ ಆಸ್ಪತ್ರೆಗೆ ಮಾಸ್ಕ್ ಡ್ರಿಲ್. ಮೇ ತಿಂಗಳಲ್ಲಿ ಕುಲ್ಸುಂ ಹೋದಳು. ಜೆಡ್ಡಾದಿಂದ ಫೋನ್ ಮಾಡಿದ್ದಳು — ಚೆನ್ನಾಗಿದ್ದಾಳೆ, ಅಡುಗೆ ಅತ್ತಿಗೆಯದು, ದಪ್ಪ ಆಗಿದ್ದಾಳಂತೆ. ಸೌದಿಗೆ ಹೋಗಿದ್ದರೆ ಈಗ ಇಬ್ಬರೂ ಒಟ್ಟಿಗೆ ಇರುತ್ತಿದ್ದೆವು. ಎಷ್ಟು ಜನ ಅದನ್ನು ನನಗೆ ನೆನಪಿಸಿದರು. ಅಮ್ಮ ಮಾತೇ ಬಿಟ್ಟಿದ್ದಾರೆ.

ಇವತ್ತು ಐರ್ಲೆಂಡಿನ ನರ್ಸಿಂಗ್ ಬೋರ್ಡಿನ ಒಪ್ಪಿಗೆ ಬಂತು. ಅಲ್ಲಿನ ಒಂದು ಸಣ್ಣ ಊರಿನ ಆಸ್ಪತ್ರೆಯವರು ಹೋದ ವಾರ ಫೋನಿನಲ್ಲಿ ಇಂಟರ್‌ವ್ಯೂ ಮಾಡಿದ್ದರು, ಅವರಿಗೂ ಒಪ್ಪಿಗೆ. ಓಟಿ ನರ್ಸ್ ಆಗಿಯೇ. ದೆಹಲಿಗೆ ಅರ್ಜಿ ಕಳಿಸಬಹುದು.

ಪಮ್ಮಿಗೆ ಪಾಸ್‌ಪೋರ್ಟ್ ಮಾಡಿಸಬೇಕು. ಅದಕ್ಕೆ ಅಪ್ಪನ ಸಹಿ ಬೇಕು.

ಜುಲೈ 26, ಶನಿವಾರ

ಕೆ.ಆರ್. ಪುರಕ್ಕೆ ಹೋಗಿದ್ದೆ. ತೂಗುಸೇತುವೆಯ ಆಚೆ ಸುನಿಲ್ ಸೈಟ್ ವ್ಯಾಪಾರದ ಆಫೀಸು ಇಟ್ಟಿದ್ದಾನೆ. ನಾಲ್ಕು ವರ್ಷದ ಮೇಲೆ ಎದುರಾಬದುರಾ. ಕೂತುಕೋ ಅಂದ. ನಿಂತೇ ಇದ್ದೆ.

"ಸೌದಿ ಬಂದಿತ್ತಂತಲ್ಲ. ಹೋಗ್ಬಾರ್ದಾಗಿತ್ತಾ? ಎರಡು ವರ್ಷ ಇದ್ದು ಬರ್ತಿದ್ದೆ."

"ಪಮ್ಮೀನ ಬಿಟ್ಟು?"

"ಅವಳು ಇಲ್ಲಿದ್ರೆ ನೀನು ವಾಪಸ್ ಬರ್ತೀಯ. ಕರ್ಕೊಂಡು ಹೋದ್ರೆ ಬರ್ತೀಯಾ?"

ಆಗ ಅರ್ಥವಾಯಿತು. ಇಷ್ಟು ದಿನ ಎಲ್ಲರೂ ಸೌದಿ ಸೌದಿ ಅಂದದ್ದರ ಒಳಗೆ ಇದೂ ಇತ್ತು. ಮಗು ಇಲ್ಲಿ ಗೂಟದ ಹಾಗಿರಲಿ, ಹಗ್ಗ ಎಳೆದರೆ ನಾನು ಬರುತ್ತೇನೆ.

"ಬರೋದೂ ಬಿಡೋದೂ ನಾನು ನೋಡ್ಕೋತೀನಿ. ನೀವು ಸಹಿ ಹಾಕ್ತೀರೋ ಇಲ್ವೋ ಹೇಳಿ."

ಇಲ್ಲ ಅಂದ. ಮಗುವನ್ನು ಬಿಟ್ಟು ಎಲ್ಲಿಗೆ ಬೇಕಾದರೂ ಹೋಗು ಅಂದ. ಅವಳು ಯಾವ ಕ್ಲಾಸು ಅಂತ ಕೇಳಿದೆ. ಎರಡೋ ಮೂರೋ ಅಂದ. ನಾಲ್ಕು.

ವಾಪಸ್ ಬಸ್ ಹತ್ತಿದೆ. ಟಿನ್ ಫ್ಯಾಕ್ಟರಿ ದಾಟುವ ಹೊತ್ತಿಗೆ ತೀರ್ಮಾನ ಮಾಡಿದ್ದೆ, ವಕೀಲರನ್ನು ನೋಡಬೇಕು.

ಆಗಸ್ಟ್ 6, ಬುಧವಾರ

ಮೇಯೋ ಹಾಲ್ ಹತ್ತಿರ ಒಬ್ಬರು ವಕೀಲರನ್ನು ನೋಡಿದೆ. ಗಂಡ ಬಿಟ್ಟು ಹೋಗಿದ್ದಾನೆ, ಮಗು ನನ್ನ ಹತ್ತಿರವೇ ಬೆಳೆಯುತ್ತಿದೆ ಅಂತ ಪಾಸ್‌ಪೋರ್ಟ್ ಆಫೀಸಿಗೆ ಪ್ರಮಾಣಪತ್ರ ಕೊಟ್ಟು ಪ್ರಯತ್ನ ಮಾಡಬಹುದು ಅಂದರು. ಆದರೆ ಅವನು ತಕರಾರು ಎತ್ತಿದರೆ ಕಷ್ಟ. ಅವನ ಕಡೆಯವರೇ ಯಾರಾದರೂ ಸಾಕ್ಷಿ ಹೇಳಿದರೆ ಗಟ್ಟಿ.

ಅವನ ಕಡೆ ನನಗೆ ಗೊತ್ತಿರುವುದು ಒಬ್ಬರೇ. ಅವರನ್ನು ಕೇಳುವುದಿಲ್ಲ. ಹೆತ್ತ ಮಗನ ವಿರುದ್ಧ ನಿಲ್ಲಿ ಅಂತ ಯಾವ ಬಾಯಲ್ಲಿ ಕೇಳಲಿ?

ಸಾಕ್ಷಿ ಇಲ್ಲದೆಯೇ ಕೊಡುತ್ತೇನೆ. ನೋಡೋಣ.

ಆಗಸ್ಟ್ 13, ಬುಧವಾರ

ಅತ್ತೆ ಇವತ್ತು ಬಂದರು. ಬುಧವಾರ ಯಾವತ್ತೂ ಬಂದವರಲ್ಲ. ಸೊಪ್ಪಿನ ಚೀಲ ಇರಲಿಲ್ಲ. ಸುನಿಲ್ ಮಹದೇವಪುರದ ಮನೆಗೆ ಹೋಗಿ ನನ್ನ ಹೆಸರೆತ್ತಿ ಕೂಗಾಡಿದ್ದಾನೆ, ಸುಕನ್ಯ ಮಗು ಕದ್ದುಕೊಂಡು ಓಡುತ್ತಾಳೆ ಅಂತ. ಪಮ್ಮಿ ಸ್ಕೂಲಿನಲ್ಲಿದ್ದಳು. ಅತ್ತೆ ನೀರು ಕುಡಿದು ಲೋಟ ಕೆಳಗಿಟ್ಟರು.

"ಅದೇನೋ ಸಾಕ್ಷಿ ಬೇಕಂತಲ್ಲ, ಭಾನುವಾರ ಪಮ್ಮಿ ಹೇಳಿದ್ಲು. ನನ್ನನ್ಯಾಕೆ ಕೇಳ್ಲಿಲ್ಲ?"

"ಅವರು ನಿಮ್ಮ ಮಗ ಅತ್ತೆ."

"ಮಗ ಅಂತಾನೇ ಹೇಳ್ತಿರೋದು. ಮಗೂನ ಬಿಟ್ಟು ಹೋದ್ರೆ ಅವ್ನು ತಿರುಗಿ ಕೊಡಲ್ಲ. ಸಾಕೋದೂ ಇಲ್ಲ. ನಾನು ಹೆತ್ತೋಳು, ನಂಗೊತ್ತು."

ಪಮ್ಮಿ ಹೋದರೆ ನಿಮಗೆ ನೋಡುವುದಕ್ಕೂ ಸಿಗುವುದಿಲ್ಲ ಅಂದೆ.

"ಸಿಗಲ್ಲ," ಅಂದರು. "ಏಳು, ಸೀರೆ ಬದಲಾಯ್ಸು. ಹೋಗೋಣ."

ನೋಟರಿ ಮುಂದೆ ಹೆಬ್ಬೆಟ್ಟು ಒತ್ತಿದರು. ಯೋಚನೆ ಮಾಡಿ ಹಾಕಮ್ಮ, ನಿನ್ನ ಮಗನ ಮೇಲೇ ಹೇಳುತ್ತಿದ್ದೀಯ ಅಂದರು ಆತ. ಮಗುವಿಗೆ ಜ್ವರ ಬಂದಾಗ ಬಾರದವನು ಈಗ ಯಾಕೆ ಬರಬೇಕು, ಬರೆದುಕೊಳ್ಳಿ ಅಂದರು ಅತ್ತೆ. ಬೆರಳಿನ ಮಸಿಯನ್ನು ತಮ್ಮ ಸೆರಗಿಗೇ ಒರೆಸಿಕೊಂಡರು. ಹೊಸ ಸೀರೆ.

ನಾನು ಹೋದ ಮೇಲೆ ಕರೆಸಿಕೊಳ್ಳುವವರೆಗಿನ ಮೂರು ತಿಂಗಳು ಪಮ್ಮಿ ಎಲ್ಲಿರಬೇಕು ಅನ್ನುವುದನ್ನೂ ಅವರೇ ತೀರ್ಮಾನ ಮಾಡಿದ್ದಾರೆ. ಮಹದೇವಪುರದಲ್ಲಿ ಬೇಡ, ಸುನಿಲ್ ಬರುತ್ತಾನೆ. ಅವರೇ ಹಲಸೂರಿಗೆ ಬಂದು ಇರುತ್ತಾರೆ.

ಅಕ್ಟೋಬರ್ 17, ಶುಕ್ರವಾರ

ಪಮ್ಮಿಯ ಪಾಸ್‌ಪೋರ್ಟ್ ಬಂತು. ಫೋಟೋದಲ್ಲಿ ಕೋಪ ಮಾಡಿಕೊಂಡಿದ್ದಾಳೆ. ನನ್ನ ವೀಸಾ ದೆಹಲಿಯಿಂದ ಮೊನ್ನೆಯೇ ಬಂದಿದೆ.

ಸುನಿಲ್ ಆಸ್ಪತ್ರೆಗೆ ಫೋನ್ ಮಾಡಿದ್ದ. ಕೋರ್ಟಿಗೆ ಹೋಗುತ್ತೇನೆ ಅಂದ. ಹೋಗಿ, ಪಮ್ಮಿಗೆ ಇಷ್ಟು ವರ್ಷ ಏನೇನು ಮಾಡಿದಿರಿ ಅಂತ ಅಲ್ಲೇ ಹೇಳೋಣ ಅಂದೆ. ಫೋನ್ ಇಟ್ಟ.

ನವೆಂಬರ್ 20, ಗುರುವಾರ

ನಾಳೆ ಹೊರಡುವುದು. ಪಮ್ಮಿ ಅಜ್ಜಿಯ ಪಕ್ಕ ಮಲಗಿದ್ದಾಳೆ. ಅಳಬಾರದು ಅಂತ ಇಬ್ಬರಿಗೂ ಹೇಳಿದೆ. ಅತ್ತರೆ ಯಾರೂ ಸಾಯುವುದಿಲ್ಲ, ಅಳಲಿ ಬಿಡು ಅಂದರು ಅತ್ತೆ.

ಜನವರಿ 11, 2004, ಭಾನುವಾರ

ಐರ್ಲೆಂಡ್. ಹೊರಗೆ ಬರೀ ಬೂದು. ಕೆಲಸ ಅದೇ — ಅದೇ ಕತ್ತರಿ, ಅದೇ ರಕ್ತ. ನಾನು ಬೇಡ ಅಂದರೆ ಡಾಕ್ಟರ್ ನಿಲ್ಲಿಸಿ ಯಾಕೆ ಅಂತ ಕೇಳುತ್ತಾರೆ, ಅದೊಂದು ಹೊಸದು. ಕಾಫಿ ಅವರೇ ತಂದುಕೊಳ್ಳುತ್ತಾರೆ.

ಭಾನುವಾರ ಓನರ್ ಆಂಟಿಯ ಮನೆಗೆ ಫೋನ್ ಮಾಡುತ್ತೇನೆ. ಸುನಿಲ್ ಎರಡು ಸಲ ಹಲಸೂರಿಗೆ ಬಂದಿದ್ದನಂತೆ. ಅತ್ತೆ ಬಾಗಿಲಲ್ಲೇ ನಿಲ್ಲಿಸಿ, ಮಗಳನ್ನು ನೋಡುವುದಾದರೆ ಒಳಗೆ ಕೂತು ನೋಡು, ಕರೆದುಕೊಂಡು ಹೋಗುವುದಾದರೆ ನನ್ನನ್ನು ದಾಟಿ ಹೋಗು ಅಂದರಂತೆ. ಒಂದು ಸಲ ಒಳಗೆ ಬಂದು ಕೂತನಂತೆ. ಪಮ್ಮಿ ಲೆಕ್ಕದ ಪುಸ್ತಕ ತೋರಿಸಿದಳಂತೆ. ಇರಲಿ. ಅದು ಅವಳ ಇಷ್ಟ.

ಮಾರ್ಚ್ 9, ಮಂಗಳವಾರ. ಏರ್‌ಪೋರ್ಟ್, ಗೇಟಿನ ಹತ್ತಿರ

ಪಮ್ಮಿಯನ್ನು ಕರೆದುಕೊಂಡು ಹೋಗುವುದಕ್ಕೆ ಬಂದ ಹತ್ತು ದಿನದ ರಜೆ ಮುಗಿಯಿತು. ಪಮ್ಮಿಯ ವೀಸಾ ನಾನು ಬರುವ ಮುಂಚೆಯೇ ಬಂದಿತ್ತು. ಅತ್ತೆ ಹೊರಗೇ ನಿಂತರು, ಒಳಗೆ ಬಿಡುವುದಿಲ್ಲವಲ್ಲ. ಅಪ್ಪಿಕೊಳ್ಳಲು ಹೋದೆ. ಟೈಮಾಯಿತು ನಡಿ ಅಂತ ನನ್ನ ಭುಜ ಹಿಡಿದು ತಿರುಗಿಸಿದರು. ಪಮ್ಮಿಯನ್ನು ಮಾತ್ರ ಬಹಳ ಹೊತ್ತು ಬಿಡಲಿಲ್ಲ.

ಇಮಿಗ್ರೇಷನ್ ಕೌಂಟರಿನಲ್ಲಿ ಆಫೀಸರ್ ಎರಡೂ ಪಾಸ್‌ಪೋರ್ಟ್ ತಿರುಗಿಸಿ ಮುರುಗಿಸಿ ನೋಡಿದರು. ಮಗುವಿನ ತಂದೆ ಎಲ್ಲಿ ಅಂದರು. ಕಾಗದಗಳನ್ನೆಲ್ಲ ಹೊರಗೆ ತೆಗೆದೆ. ಅವರು ಓದುತ್ತಲೇ ಇದ್ದರು. ಪಮ್ಮಿ ಕೌಂಟರಿನ ಅಂಚು ಹಿಡಿದು ತುದಿಗಾಲಲ್ಲಿ ನಿಂತಳು.

"ಅಪ್ಪ ಕೆ.ಆರ್. ಪುರದಲ್ಲಿದ್ದಾರೆ ಅಂಕಲ್. ನಾನು ಅಮ್ಮನ ಜೊತೆ ಇರೋದು."

ಆತ ಅವಳನ್ನು ನೋಡಿದರು. ನನ್ನನ್ನು ನೋಡಿದರು. ಸ್ಟಾಂಪ್ ಒತ್ತಿದರು.

ಈಗ ಗಾಜಿಗೆ ಮುಖ ಒತ್ತಿಕೊಂಡು ವಿಮಾನ ನೋಡುತ್ತಿದ್ದಾಳೆ. ಅಲ್ಲಿ ದಂಟು ಸೊಪ್ಪು ಸಿಗುತ್ತಾ ಅಂತ ಕೇಳಿದಳು. ಇಲ್ಲ ಅಂದೆ. ಬೀಜ ತಂದಿದ್ದೀನಿ, ಅಜ್ಜಿ ಕೊಟ್ಟಿದ್ದಾರೆ ಅಂದಳು. ಅಯ್ಯೋ, ಆ ಬೀಜ ಅಲ್ಲಿ ಒಳಗೆ ಬಿಡುತ್ತಾರೋ ಇಲ್ಲವೋ... ಬಿಡದಿದ್ದರೆ ಕೇಳುತ್ತೇನೆ ಯಾಕೆ ಅಂತ. ನಮ್ಮ ಸಾಲು ಕರೆಯುತ್ತಿದ್ದಾರೆ, ಪಮ್ಮಿ ಆಗಲೇ ಬ್ಯಾಗ್ ಎಳೆದುಕೊಂಡು ಮುಂದೆ —